ಸೈಟಿನ ಕೆಳಗೆ ಏನಿದೆ?

ಸೈಟು ತಗೊಳ್ಳೋರು ಏನೇನು ಕೇಳ್ತಾರೆ ಅಂತ ಒಂದು ಸಲ ಗಮನಿಸಿ. ಡಿಸಿ ಕನ್ವರ್ಷನ್ ಆಗಿದೆಯಾ, ಖಾತಾ ಯಾವುದು, ಮುಂದಿನ ರಸ್ತೆ 30 ಅಡಿನಾ 40 ಅಡಿನಾ, ಪೂರ್ವ ದಿಕ್ಕಿನ ಸೈಟು ಸಿಗತ್ತಾ, ಬ್ಯಾಂಕ್ ಲೋನ್ ಆಗತ್ತಾ. ಎಲ್ಲಾ ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಜೀವಮಾನದ ಉಳಿತಾಯ ಸುರಿದು ಕೊಳ್ಳೋ ಆ 1200 ಚದರ ಅಡಿಯ ಕೆಳಗೆ ಬಂಡೆ ಇದೆಯಾ, ಜೇಡಿ ಇದೆಯಾ, ಮುಚ್ಚಿ ಹಾಕಿದ ಕುಂಟೆ ಇದೆಯಾ ಅಂತ ಕೇಳಿದವರನ್ನ ನಾವು ಇನ್ನೂ ನೋಡಿಲ್ಲ.

ನಾವು ಅಂದ್ರೆ ಸಿವಿಲ್ ಎರಡನೇ ವರ್ಷದ ನಾಲ್ಕು ಜನ. ನಮ್ಮಲ್ಲಿ ಒಬ್ಬನ ಅಪ್ಪ ಹೈಸ್ಕೂಲ್ ಮೇಷ್ಟ್ರು, ಇನ್ನೊಂದು ವರ್ಷಕ್ಕೆ ರಿಟೈರ್ ಆಗ್ತಾರೆ. ಬೆಂಗಳೂರಿನ ಹೊರಗಿನ ಒಂದು ಹೊಸ ಲೇಔಟ್‌ನಲ್ಲಿ, ಹೆಸರು ಬೇಡ, 30×40 ಸೈಟಿಗೆ ಅಡ್ವಾನ್ಸ್ ಕೊಡೋಕೆ ಹೊರಟಿದ್ರು. "ಏನ್ರಪ್ಪಾ, ಎಲ್ಲಾ ಸಿವಿಲ್ ಓದ್ತಿದ್ದೀರಿ, ಒಂದು ಸಲ ಬಂದು ಮಣ್ಣು ನೋಡಿ ಹೇಳಿ" ಅಂದ್ರು. ಜಿಯಾಲಜಿ ಅಂದ್ರೆ ಕಲ್ಲುಗಳ ಹೆಸರು ಬಾಯಿಪಾಠ ಮಾಡಿ ವೈವಾದಲ್ಲಿ ಒಪ್ಪಿಸೋದು ಅಂದುಕೊಂಡಿದ್ದ ನಮಗೆ ಇದು ಹೊಸ ಥರದ ಪರೀಕ್ಷೆ. ಹಾಗಾಗಿ ಓದಿದ್ವಿ, ಮೇಷ್ಟ್ರುಗಳನ್ನ ಕೇಳಿದ್ವಿ, ಆ ಜಾಗ ಸುತ್ತಿದ್ವಿ. ತಿಳಿದಿದ್ದನ್ನ ಇಲ್ಲಿ ಬರೀತಿದ್ದೀವಿ. ಕಂಪ್ಯೂಟರ್ ಸೈನ್ಸ್‌ನವರೂ ಓದಿ, ನಮ್ಮೆಲ್ಲರಿಗಿಂತ ಮುಂಚೆ ಸೈಟು ಕೊಳ್ಳೋರು ನೀವೇ.

ಮೊದಲು ಒಂದು ವಿಷಯ ಸ್ಪಷ್ಟ ಆಗಬೇಕು. ಒಂದು ಮನೆಗೆ ಮಣ್ಣು ಪರೀಕ್ಷೆ ಮಾಡೋದು ಬೇರೆ, ಇಡೀ ಲೇಔಟ್‌ನ ನೆಲವನ್ನ ಅಂದಾಜು ಮಾಡೋದು ಬೇರೆ. ಮನೆಗೆ ಪ್ರಶ್ನೆ ಒಂದೇ: ಈ ಪಾಯ ಈ ಭಾರ ಹೊರತ್ತಾ? ಲೇಔಟ್ ಅಂದಾಗ ಹತ್ತಾರು ಎಕರೆ ಹೊಲ ಹೋಗಿ ಅಲ್ಲಿ ನೂರಾರು ಮನೆ, ರಸ್ತೆ, ಚರಂಡಿ, ಬೋರ್‌ವೆಲ್, ಇಂಗುಗುಂಡಿ ಬರ್ತವೆ. ಮಳೆ ನೀರು ಹರಿಯೋ ದಾರಿನೇ ಬದಲಾಗತ್ತೆ. ಎತ್ತರದ ಜಾಗ ಕಡೀತಾರೆ, ತಗ್ಗು ತುಂಬ್ತಾರೆ. ಇನ್ನೊಂದು ತೊಂದರೆ ಅಂದ್ರೆ ಲೇಔಟ್ ಸಿದ್ಧವಾದ ಮೇಲೆ ನೆಲ ತನ್ನ ಗುರುತನ್ನೆಲ್ಲಾ ಕಳ್ಕೊಂಡಿರತ್ತೆ. ಜೆಸಿಬಿ ಓಡಾಡಿ, ಮೇಲೆ ಅರ್ಧ ಅಡಿ ಕೆಂಪು ಗ್ರಾವೆಲ್ ಹಾಸಿ, ಹಳದಿ ಬಣ್ಣದ ಕಲ್ಲು ನೆಟ್ಟು ನಂಬರ್ ಬರೆದ ಮೇಲೆ ಒಂದನೇ ನಂಬರೂ ನೂರನೇ ನಂಬರೂ ನೋಡೋಕೆ ಒಂದೇ. ಅದಕ್ಕೇ ಈ ಕೆಲಸ ನಕ್ಷೆ ಗೆರೆ ಎಳೆಯೋಕೆ ಮುಂಚೆ ಆಗಬೇಕು. ಆಗಿಲ್ಲ ಅಂದ್ರೆ ಕೊಳ್ಳೋರು ಪತ್ತೇದಾರಿ ಮಾಡಬೇಕಾಗತ್ತೆ.

ಪತ್ತೇದಾರಿ ಕೆಲಸದ ಮುಕ್ಕಾಲು ಭಾಗ ಹಾಸ್ಟೆಲ್ ರೂಮಲ್ಲೇ ಆಗತ್ತೆ, ಅದೂ ಪುಕ್ಕಟೆಯಾಗಿ. ಡೆಸ್ಕ್ ಸ್ಟಡಿ ಅಂತಾರೆ. ಜಿಯಾಲಜಿಕಲ್ ಸರ್ವೆ ಆಫ್ ಇಂಡಿಯಾದ ಭೂಕೋಶ್ ಪೋರ್ಟಲ್‌ನಲ್ಲಿ ಭೂವಿಜ್ಞಾನ ನಕ್ಷೆಗಳಿವೆ. ಕೆಳಗಿನ ಮೂಲ ಬಂಡೆ ಯಾವುದು ಅಂತ ಅಲ್ಲಿ ಗೊತ್ತಾಗತ್ತೆ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್‌ನಲ್ಲಿ ಕೆರೆ, ಹಳ್ಳ, ಗುಡ್ಡ ಕಾಣತ್ತೆ. ಆದರೆ ಅದರ ಕಾಂಟೂರ್ ಗೆರೆಗಳ ನಡುವಿನ ಅಂತರ ಸಾಮಾನ್ಯವಾಗಿ 20 ಮೀಟರ್, ಅಂದ್ರೆ ಆರು ಮಹಡಿ ಎತ್ತರದ ವ್ಯತ್ಯಾಸನೂ ಎರಡು ಗೆರೆಗಳ ನಡುವೆ ಅಡಗಿ ಕೂರಬಹುದು. ಸಣ್ಣ ಕುಂಟೆ, ಕಾಲುವೆ ಹುಡುಕೋಕೆ ಕಂದಾಯ ಇಲಾಖೆಯ ಗ್ರಾಮ ನಕ್ಷೆನೇ ವಾಸಿ. ಅದರಲ್ಲಿ ಸರ್ವೆ ನಂಬರ್ ಗಡಿಯ ಜೊತೆ ಹಳ್ಳ, ಕಾಲುವೆ, ಬಂಡಿದಾರಿ ಎಲ್ಲಾ ಗುರುತು ಮಾಡಿರ್ತಾರೆ. ನಾವು ನಿಂತಿರೋ ಜಾಗ ಯಾವ ಸರ್ವೆ ನಂಬರ್ ಅಂತ ದಿಶಾಂಕ್ ಆ್ಯಪ್ ಫೋನಲ್ಲೇ ತೋರಿಸತ್ತೆ. ಪಹಣಿಯಲ್ಲಿ ಖರಾಬು ಅಂತ ಒಂದು ಕಾಲಂ ಇರತ್ತೆ, ಅದನ್ನ ಎಲ್ಲರೂ ವಕೀಲರಿಗೆ ಬಿಟ್ಟುಬಿಡ್ತಾರೆ. 'ಬಿ' ಖರಾಬು ಅಂದ್ರೆ ಹಳ್ಳ, ಕಾಲುವೆ, ದಾರಿ ಮುಂತಾಗಿ ಸಾರ್ವಜನಿಕ ಉಪಯೋಗದ ಜಾಗ. ವಕೀಲರಿಗೆ ಅದು ಒಡೆತನದ ತಕರಾರು. ನಮಗೆ ಅದು, ಇಲ್ಲಿ ಎಲ್ಲೋ ನೀರು ಹರೀತಿತ್ತು ಅನ್ನೋ ಸಾಕ್ಷಿ.

ಗೂಗಲ್ ಅರ್ತ್‌ನಲ್ಲಿ ಹಳೇ ಚಿತ್ರ ನೋಡೋ ಗಡಿಯಾರದ ಗುರುತು ಇದೆ. ಹಿಂದಕ್ಕೆ ಎಳೀತಾ ಹೋದ್ರೆ ಆ ಜಾಗ ಹೊಲ ಆಗಿದ್ದಾಗಿನ ಚಿತ್ರ ಸಿಗತ್ತೆ. ನಮಗೆ ನಿಜವಾದ ಸುಳಿವು ಸಿಕ್ಕಿದ್ದು ಇಲ್ಲೇ. ಈಗ ಲೇಔಟ್‌ನ ಈಶಾನ್ಯ ಮೂಲೆ ಇರೋ ಕಡೆ ಹಳೇ ಚಿತ್ರದಲ್ಲಿ ಹಸಿರು ಅಂಚಿನ ಒಂದು ಕಪ್ಪು ಚುಕ್ಕೆ ಇತ್ತು. ಬೇಸಿಗೆಯ ಚಿತ್ರದಲ್ಲಿ ಅದೇ ಬೂದು ಬಣ್ಣ, ಮಳೆಗಾಲದ ಚಿತ್ರದಲ್ಲಿ ಮತ್ತೆ ಕಪ್ಪು. ಆಮೇಲಿನ ಒಂದು ವರ್ಷ ಅದು ಮಾಯ. ಅಲ್ಲಿ ಕುರಿ ಮೇಯಿಸ್ತಿದ್ದ ಒಬ್ಬ ತಾತನನ್ನ ಕೇಳಿದ್ವಿ. "ಅದಾ? ಕುಂಟೆ ಕಣಪ್ಪಾ. ಮಳೆಗಾಲದಾಗೆ ಎಮ್ಮೆ ಇಳುದ್ರೆ ಕಾಲು ಹೂತೋಗೋದು. ಲಾರೀಲಿ ಅದೇನೇನೋ ತಂದು ಸುರುದ್ರು" ಅಂದ. ಉಪಗ್ರಹ ಹೇಳಿದ್ದನ್ನೇ ತಾತನೂ ಹೇಳಿದ, ಜೊತೆಗೆ ಏನು ಸುರಿದ್ರು ಅನ್ನೋದನ್ನೂ ಹೇಳಿದ. ಹಳ್ಳಿಯವರು ಹೊಲಕ್ಕೆ ಇಟ್ಟ ಹೆಸರುಗಳನ್ನೂ ಕೇಳಿ ನೋಡಿ: ಬಂಡೆ ಹೊಲ, ಹಳ್ಳದ ಹೊಲ, ಕೋಡಿ ಕೆಳಗೆ, ಜವಳು ನೆಲ. ಅರ್ಧ ಜಿಯಾಲಜಿ ರಿಪೋರ್ಟ್ ಅಲ್ಲೇ ಇರತ್ತೆ.

ಇನ್ನು ನೆಲದ ವಿಚಾರ. ಬೆಂಗಳೂರಿನ ಕೆಳಗಿರೋದು ಪೆನಿನ್ಸುಲಾರ್ ನೈಸ್, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡ ಗೋಪುರ ನಿಂತಿರೋದು ಇದರ ಮೇಲೇನೇ. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಕೊಟ್ಟ ಹೆಸರು ಅದು, ಆ ಬಂಡೆ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾಲ್‌ಬಾಗ್‌ನಲ್ಲಿ ಅದರ ಮೇಲೆ ನಿಂತರೆ, ಇಷ್ಟು ಗಟ್ಟಿ ಕಲ್ಲು ಇರೋ ಊರಲ್ಲಿ ಪಾಯದ ಚಿಂತೆ ಯಾಕೆ ಅನ್ನಿಸತ್ತೆ. ಬ್ರೋಕರ್‌ಗಳೂ ಇದನ್ನೇ ಹೇಳೋದು: "ಬೆಂಗಳೂರು ಮಣ್ಣು ಸರ್, ಕಣ್ಣು ಮುಚ್ಕೊಂಡು ಕಟ್ಟಿ."

ತೊಡಕು ಇರೋದು ಕಲ್ಲಿನಲ್ಲಲ್ಲ, ಅದು ಕೊಳೆಯೋ ರೀತಿಯಲ್ಲಿ. ನೈಸ್‌ನಲ್ಲಿ ಫೆಲ್ಡ್‌ಸ್ಪಾರ್ ಖನಿಜ ಬೇಕಾದಷ್ಟಿದೆ. ಬಂಡೆಯ ಬಿರುಕುಗಳಲ್ಲಿ ನೀರು ಇಳಿದು, ಲಕ್ಷಾಂತರ ವರ್ಷ ಕೂತು, ಆ ಫೆಲ್ಡ್‌ಸ್ಪಾರನ್ನ ಜೇಡಿ ಮಾಡತ್ತೆ. ಬಿರುಕು ಜಾಸ್ತಿ ಇರೋ ಕಡೆ ಆಳಕ್ಕೆ ಕೊಳೆಯತ್ತೆ, ಇಲ್ಲದ ಕಡೆ ಬಂಡೆ ಹಾಗೇ ಮೇಲಕ್ಕೆ ತಲೆ ಎತ್ತಿ ನಿಂತಿರತ್ತೆ. ಹಾಗಾಗಿ ಒಂದು ಗುಂಡಿಯಲ್ಲಿ ನಾಲ್ಕಡಿಗೆ ಬಂಡೆ ಸಿಕ್ಕಿ, ಪಕ್ಕದ ಸೈಟಲ್ಲಿ ಮೂವತ್ತಡಿ ಹೋದ್ರೂ ಮಣ್ಣೇ ಬರಬಹುದು. ಮೇಲಿಂದ ಕೆಳಕ್ಕೆ ಸಾಮಾನ್ಯ ಕ್ರಮ ಹೀಗಿರತ್ತೆ: ಮೊದಲು ಕೆಂಪು ಮಣ್ಣು. ಅದರ ಕೆಳಗೆ ಬಿಳಿ, ಹಳದಿ, ಗುಲಾಬಿ ಪಟ್ಟೆ ಇರೋ, ನೋಡೋಕೆ ಕಲ್ಲಿನ ಹಾಗೇ ಕಾಣೋ, ಆದರೆ ಬೆರಳಲ್ಲಿ ಪುಡಿ ಆಗೋ ಪದರ. ಇದಕ್ಕೆ ಸ್ಯಾಪ್ರೊಲೈಟ್ ಅಂತಾರೆ. ಅದರೊಳಗೆ ಅಲ್ಲಲ್ಲಿ ಕೊಳೆಯದೆ ಉಳಿದ ದುಂಡು ಗುಂಡುಗಳು. ಅದರ ಕೆಳಗೆ ಬಿರುಕು ಬಿಟ್ಟ ಕಲ್ಲು, ಕೊನೆಗೆ ಗಟ್ಟಿ ಬಂಡೆ. ಹತ್ತಿರದಲ್ಲಿ ಹಳೇ ತೆರೆದ ಬಾವಿನೋ, ರಸ್ತೆಗೆ ಕಡಿದ ದಿಬ್ಬನೋ ಇದ್ರೆ ಈ ಪದರಗಳನ್ನ ಬರಿಗಣ್ಣಲ್ಲೇ ನೋಡಬಹುದು. ಬಾವಿ ಇಣುಕಿ ನೋಡೋದು ಅತ್ಯಂತ ಅಗ್ಗದ ಬೋರ್‌ಹೋಲ್.

ಆ ಗುಂಡುಗಳ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಲೇಬೇಕು. ಬೋರ್ ಕೊರೆಯುವಾಗ ಡ್ರಿಲ್ ಹೋಗಿ ಒಂದು ಗುಂಡಿಗೆ ತಾಗಿದ್ರೆ "ಬಂಡೆ ಬಂತು" ಅಂತ ಬರೆದು ನಿಲ್ಲಿಸಿಬಿಡೋ ಚಾಳಿ ಇದೆ. ಗುಂಡಿನ ಕೆಳಗೆ ಇನ್ನೂ ಹತ್ತಡಿ ಮೆತ್ತನೆ ಮಣ್ಣಿರಬಹುದು. ಅದಕ್ಕೆ ಕಲ್ಲು ಸಿಕ್ಕ ಮೇಲೂ ಮೂರು ಮೀಟರ್‌ನಷ್ಟು ಕೊರೆದು, ತೆಗೆದ ಕೋರನ್ನ ಪೆಟ್ಟಿಗೆಯಲ್ಲಿ ಜೋಡಿಸಿ ತೋರಿಸಿ ಅಂತ ಕೇಳ್ತಾರೆ. ಕೋರ್ ಬಾಕ್ಸ್‌ನ ಫೋಟೋ ಇಲ್ಲದ ರಿಪೋರ್ಟ್‌ನಲ್ಲಿ "ಹಾರ್ಡ್ ರಾಕ್" ಅಂತ ಬರೆದಿದ್ರೆ ನಂಬೋದು ಕಷ್ಟ.

ನಾವು ಆ ಲೇಔಟ್‌ಗೆ ಹೋಗಿದ್ದು ಒಂದು ಭಾನುವಾರ. ಸಂಬಂಧಪಟ್ಟವರು "ಮೂರಡಿ ನಾಲ್ಕಡಿ ಏನ್ ಬೇಕಾದ್ರೂ ಮಾಡ್ಕೊಳಿ" ಅಂದ್ರು. ಕೈಯಲ್ಲಿ ಇದ್ದಿದ್ದು ಹ್ಯಾಂಡ್ ಆಗರ್, ಅಂದ್ರೆ ಕೈಯಲ್ಲಿ ತಿರುಗಿಸಿ ಮಣ್ಣು ಎತ್ತೋ ಬೈರಿಗೆ, ಒಂದು ಟೇಪು, ಪ್ಲಾಸ್ಟಿಕ್ ಕವರ್‌ಗಳು. ಅಂಕಲ್ ಕೊಡೆ ಹಿಡ್ಕೊಂಡು ನಿಂತಿದ್ರು. ಮೇಲ್ಭಾಗದ ಸಾಲಿನಲ್ಲಿ ಎರಡಡಿ ಕೆಂಪು ಮಣ್ಣು, ಆಮೇಲೆ ಮರಳು ಮರಳಾದ ಗರಸು, ಮೂರೂವರೆ ಅಡಿಗೆ ಆಗರ್ ತಿರುಗಲೇ ಇಲ್ಲ. ಒಳ್ಳೇ ಲಕ್ಷಣ. ಈಶಾನ್ಯ ಮೂಲೆಯಲ್ಲಿ ಮೊದಲ ಅರ್ಧ ಅಡಿ ಗ್ರಾವೆಲ್, ಆಮೇಲೆ ಇಟ್ಟಿಗೆ ಚೂರು, ಒಂದು ಗುಟ್ಕಾ ಪ್ಯಾಕೆಟ್, ಮೂರಡಿಗೆ ಕಪ್ಪು ಕೆಸರು. ಮೂಸಿ ನೋಡಿದ್ರೆ ಚರಂಡಿ ವಾಸನೆ. ಮೂರು ಶತಕೋಟಿ ವರ್ಷದ ನೈಸ್ ಮೇಲೆ ಗುಟ್ಕಾ ಪ್ಯಾಕೆಟ್ ಯಾವ ಯುಗದ ಪಳೆಯುಳಿಕೆ ಅಂತ ನಮ್ಮಲ್ಲೊಬ್ಬ ಕೇಳಿದ. ಅಂಕಲ್ ನಗಲಿಲ್ಲ. ಅವರಿಗೆ ತೋರಿಸಿದ್ದ ಸೈಟು ಅಲ್ಲಿಂದ ಎರಡನೇದು.

ತುಂಬಿದ ಮಣ್ಣು ಯಾಕೆ ಅಪಾಯ? ಸಾವಿರಾರು ವರ್ಷ ಅಲ್ಲೇ ಕೂತ ಮಣ್ಣು ತನ್ನ ಭಾರಕ್ಕೆ ತಾನೇ ಒತ್ತಿಕೊಂಡಿರತ್ತೆ. ಲಾರಿಯಿಂದ ಸುರಿದ ಮಣ್ಣಿಗೆ ಆ ಅವಕಾಶ ಸಿಕ್ಕಿಲ್ಲ. ಪದರ ಪದರವಾಗಿ ಹಾಸಿ, ಬೇಕಾದಷ್ಟೇ ನೀರು ಹಾಕಿ, ರೋಲರ್ ಓಡಿಸಿ, ಪ್ರತಿ ಪದರದ ಸಾಂದ್ರತೆ ಅಳೆದು ತುಂಬಿದ್ರೆ ಅದು ಒಳ್ಳೇ ನೆಲವೇ, ಹೆದ್ದಾರಿಗಳು ನಿಂತಿರೋದು ಹಾಗೇನೇ. ಬರೀ ಸುರಿದು ಸಮ ಮಾಡಿದ್ರೆ ಒಳಗೆಲ್ಲಾ ಪೊಳ್ಳು. ಮೊದಲ ಜೋರು ಮಳೆಗೆ ನೀರು ಇಳಿದಾಗ ಕಣಗಳು ಜಾರಿ ಪೊಳ್ಳು ಮುಚ್ಕೊಂಡು ನೆಲ ಕುಸಿಯತ್ತೆ, ಮೇಲೆ ಮನೆ ಇರಲಿ ಇಲ್ಲದಿರಲಿ. ಕಸ, ಮರದ ತುಂಡು ಸೇರಿದ್ರೆ ಅವು ಕೊಳೀತಾ ವರ್ಷಗಟ್ಟಲೆ ಇಳೀತಾನೇ ಇರತ್ತೆ. ಕೆಳಗಿನ ಕುಂಟೆ ಕೆಸರಿಗೆ ಈಗ ಹೊಸ ಭಾರ ಬಿದ್ದಿದೆ, ಅದು ಒಳಗಿನ ನೀರು ನಿಧಾನವಾಗಿ ಬಿಡ್ತಾ ಕುಗ್ಗತ್ತೆ. ಇಡೀ ಮನೆ ಸಮನಾಗಿ ಎರಡು ಇಂಚು ಇಳಿದ್ರೆ ಪೈಪು ಸರಿ ಮಾಡ್ಕೊಂಡು ಬದುಕಬಹುದು. ಒಂದು ಮೂಲೆ ಗಟ್ಟಿ ನೆಲದ ಮೇಲೆ, ಇನ್ನೊಂದು ಮೂಲೆ ಕುಂಟೆ ಮೇಲೆ ಇದ್ದಾಗಲೇ ಗೋಡೆ ಸೀಳೋದು. ಕಿಟಕಿ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಹೋಗೋ ಬಿರುಕು ಕಂಡ್ರೆ ಅದು ಪ್ಲಾಸ್ಟರ್ ಬಿರುಕಲ್ಲ, ಪಾಯದ್ದು ಅಂತ ಅನುಮಾನ ಪಡಬೇಕು. ಲೇಔಟ್ ಸುತ್ತ ಆಗಲೇ ಎದ್ದಿರೋ ಮನೆ, ಕಾಂಪೌಂಡ್ ಗೋಡೆಗಳನ್ನ ಈ ಕಣ್ಣಲ್ಲಿ ನೋಡಿ.

ಇಲ್ಲಿ ನಮಗೆ ತುಂಬಾ ಇಷ್ಟವಾದ ಒಂದು ವಿಷಯ. ವಾಸ್ತು ಅಂದ್ರೆ ನಮ್ಮಂಥವರು ನಗ್ತೀವಿ. ಆದರೆ ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮನೆ ಜಾಗಕ್ಕೆ ಒಂದು ಪರೀಕ್ಷೆ ಇದೆ. ಒಂದು ಮೊಳ ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮತ್ತೆ ತುಂಬಿ ನೋಡು. ಮಣ್ಣು ಮಿಕ್ಕರೆ ಉತ್ತಮ, ಸಮ ಆದ್ರೆ ಮಧ್ಯಮ, ಕಡಿಮೆ ಬಿದ್ದರೆ ಬೇಡ. ಇದು ಸಾಯಿಲ್ ಮೆಕ್ಯಾನಿಕ್ಸೇ. ಗಟ್ಟಿ ನೆಲದ ಮಣ್ಣು ಅಗೆದಾಗ ಸಡಿಲವಾಗಿ ಗಾತ್ರ ಹೆಚ್ಚತ್ತೆ, ಅದಕ್ಕೆ ಮಿಗತ್ತೆ. ಮೊದಲೇ ಪೊಳ್ಳಾಗಿದ್ದ ಮಣ್ಣು ಕೈಯಲ್ಲಿ ಒತ್ತಿ ತುಂಬಿದ್ರೆ ಸಾಲೋದಿಲ್ಲ. ಅದೇ ಗ್ರಂಥದ ಇನ್ನೊಂದು ಪರೀಕ್ಷೆ: ಗುಂಡಿ ತುಂಬಾ ನೀರು ಹಾಕಿ, ನೂರು ಹೆಜ್ಜೆ ಹೋಗಿ ವಾಪಸ್ ಬಂದು ನೀರು ಎಷ್ಟು ಇಳಿದಿದೆ ನೋಡು. ಈಗಿನ ಪರ್ಕೊಲೇಷನ್ ಟೆಸ್ಟಿಗೆ ಇದು ಅಜ್ಜ ಅನ್ನಬಹುದು. ಪೂರ್ವ ದಿಕ್ಕಿನ ಸೈಟಿಗೆ ಲಕ್ಷಗಟ್ಟಲೆ ಹೆಚ್ಚು ಕೊಡೋರು ವಾಸ್ತುವಿನ ಈ ಅಧ್ಯಾಯವನ್ನೂ ಜಾರಿಗೆ ತಂದ್ರೆ ಚೆನ್ನಾಗಿರತ್ತೆ.

ಸರಿಯಾದ ತನಿಖೆಗೆ ಗುಂಡಿ ಮತ್ತು ಬೋರ್ ಎರಡೂ ಬೇಕು. ಗುಂಡಿಯಲ್ಲಿ ಪದರ ಕಣ್ಣಿಗೆ ಕಾಣತ್ತೆ, ಅದು ದೊಡ್ಡ ಲಾಭ. ಆದರೆ ಆಳದ ಗುಂಡಿಗೆ ಆಧಾರ ಕೊಡದೆ ಇಳೀಬೇಡಿ. ಎದೆಮಟ್ಟದ ಗುಂಡಿ ಕುಸಿದ್ರೂ ಉಸಿರಾಡೋಕೆ ಆಗಲ್ಲ. ಬೋರ್‌ನಲ್ಲಿ ಮಾಡೋದು ಎಸ್‌ಪಿಟಿ, ಐಎಸ್ 2131ರ ಪ್ರಕಾರ. 63.5 ಕೆಜಿ ಸುತ್ತಿಗೆಯನ್ನ 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆಯನ್ನ 45 ಸೆಂ.ಮೀ. ಇಳಿಸ್ತಾರೆ. ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ, ಕೊರೆಯುವಾಗ ಆ ಮಣ್ಣು ಕದಡಿರತ್ತೆ. ಉಳಿದ 30ಕ್ಕೆ ಎಷ್ಟು ಏಟು ಬೇಕಾಯ್ತೋ ಅದು ಎನ್ ಬೆಲೆ. ಜೇಡಿಯಲ್ಲಿ ಎನ್ ನಾಲ್ಕಕ್ಕಿಂತ ಕಡಿಮೆ ಅಂದ್ರೆ ಮೆತ್ತಗಿನ ನೆಲ. ಐವತ್ತು ದಾಟಿದ್ರೆ ಸುತ್ತಿಗೆ ಸೋತ ಹಾಗೆ.

ಎಷ್ಟು ಬೋರ್ ಬೇಕು? ಐಎಸ್ 1892 ಸುಮಾರು 0.4 ಹೆಕ್ಟೇರ್ ಜಾಗದ, ಅಂದ್ರೆ ಒಂದು ಎಕರೆಯ, ಒಂದು ಕಟ್ಟಡಕ್ಕೆ ನಾಲ್ಕು ಮೂಲೆಗೆ ನಾಲ್ಕು, ಮಧ್ಯ ಒಂದು ಅನ್ನತ್ತೆ. ಅದೇ ಲೆಕ್ಕ ಇಪ್ಪತ್ತು ಎಕರೆ ಲೇಔಟ್‌ಗೆ ಹಾಕಿದ್ರೆ ನೂರು ಬೋರ್. ಯಾರೂ ಮಾಡಲ್ಲ. ಜಿಯಾಲಜಿ ನಿಜವಾಗಿ ದುಡ್ಡು ಉಳಿಸೋದು ಇಲ್ಲಿ. ಮೊದಲು ನಕ್ಷೆ, ಚಿತ್ರ, ನಡಿಗೆಯಿಂದ ಜಾಗವನ್ನ ಮೂರು ನಾಲ್ಕು ಥರದ ನೆಲವಾಗಿ ಭಾಗ ಮಾಡ್ಕೋಬೇಕು: ಬಂಡೆ ಮೇಲಿರೋ ದಿಬ್ಬ, ಕೆಂಪು ಮಣ್ಣಿನ ಇಳಿಜಾರು, ತಗ್ಗಿನ ಮೆಕ್ಕಲು, ತುಂಬಿದ ಜಾಗ. ಆಮೇಲೆ ಪ್ರತಿ ಥರಕ್ಕೂ ಒಂದೆರಡು ಬೋರ್, ಅನುಮಾನ ಇರೋ ಗಡಿಯಲ್ಲಿ ಹೆಚ್ಚು. ಒಳ್ಳೇ ನೆಲದಲ್ಲಿ ಹತ್ತು ಬೋರ್ ಕೊರೆದು ಕುಂಟೆ ಬಿಟ್ಟ ರಿಪೋರ್ಟು ನೋಡೋಕೆ ದಪ್ಪ ಇರತ್ತೆ, ಕೆಲಸಕ್ಕೆ ಬರಲ್ಲ. ಭಾಗ ಮಾಡಿದ ಮೇಲೆ ಬರೋ ತೀರ್ಮಾನಗಳು ಸರಳ. ತಗ್ಗಿನಲ್ಲಿ ಪಾರ್ಕ್ ಇಡಿ, ಮಳೆ ನೀರು ನಿಲ್ಲೋ ಕೆರೆ ಇಡಿ, ಮನೆ ಬೇಡ. ನಮ್ಮ ಲೇಔಟ್‌ಗಳಲ್ಲಿ ಹೆಚ್ಚಾಗಿ ಪಾರ್ಕ್ ಇರೋದು ಸೈಟು ಕೂರದ ತ್ರಿಕೋನ ಮೂಲೆಯಲ್ಲಿ.

ಅಂಕಲ್‌ಗೆ ನಾವು ಹೇಳಿದ್ದು ಇಷ್ಟು. ಕುಂಟೆ ಎಲ್ಲಿವರೆಗೆ ಇತ್ತು ಅಂತ ನಮ್ಮ ಆಗರ್‌ನಿಂದ ಗೆರೆ ಎಳೆಯೋಕೆ ಆಗಲ್ಲ, ನಿಮ್ಮ ಸೈಟು ಅಂಚಿನಲ್ಲಿದೆ, ಅಂಚೇ ಎಲ್ಲಕ್ಕಿಂತ ಕೆಟ್ಟದ್ದು. ಹತ್ತಡಿ ಗುಂಡಿ ತೋಡಿಸೋಕೆ ಒಪ್ಪಿದ್ರೆ ಮುಂದೆ ಮಾತಾಡಿ, ಅಥವಾ ಮೇಲಿನ ಸಾಲು ಕೇಳಿ. ತುಂಬಿದ ಜಾಗದಲ್ಲಿ ಮನೆ ಕಟ್ಟೋಕೇ ಆಗಲ್ಲ ಅಂತೇನಿಲ್ಲ. ಕೆಟ್ಟ ಮಣ್ಣು ತೆಗೆದು ಹಾಕಬಹುದು, ಪೈಲ್ ಹಾಕಿ ಗಟ್ಟಿ ಪದರ ಮುಟ್ಟಿಸಬಹುದು. ಆ ಖರ್ಚು ಸೈಟಿನ ಬೆಲೆಯಲ್ಲಿ ಇಳಿಯಬೇಕು ಅಷ್ಟೇ. ಗುಂಡಿ ಅಂದ ಕೂಡಲೇ ಅಲ್ಲಿನವರ ದನಿ ಬದಲಾಯ್ತು. "ಬೇರೆ ಕಸ್ಟಮರ್ಸ್ ನೋಡ್ತಾರೆ ಸರ್" ಅಂದ್ರು. ಅಂಕಲ್ ಅಡ್ವಾನ್ಸ್ ಕೊಡದೆ ವಾಪಸ್ ಬಂದ್ರು. ಮೇಲಿನ ಸಾಲಿನ ಮಾತು ಇನ್ನೂ ನಡೀತಿದೆ.

ಕುಂಟೆ ಸಣ್ಣ ಕಥೆ. ಬೆಂಗಳೂರು ಇದನ್ನ ದೊಡ್ಡ ಪ್ರಮಾಣದಲ್ಲಿ ಮಾಡಿದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಜಾಗ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯ ಜಾಗ. ಈ ಊರು ದಿಬ್ಬದ ಮೇಲಿದೆ, ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಇಳಿಯತ್ತೆ. ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಸೇರೋ ಸರಪಳಿ. ನಡುವಿನ ಒಂದು ಕೆರೆ ಮುಚ್ಚಿದ್ರೆ ನೀರಿಗೆ ಆ ಸುದ್ದಿ ತಲುಪಿರಲ್ಲ, ಅದು ಹಳೇ ವಿಳಾಸಕ್ಕೇ ಬರತ್ತೆ. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯ ಸುತ್ತಮುತ್ತ ದೋಣಿ, ಟ್ರಾಕ್ಟರ್‌ಗಳಲ್ಲಿ ಜನರನ್ನ ಸಾಗಿಸಿದ್ದು ನಿಮಗೂ ನೆನಪಿರತ್ತೆ.

ಬೆಂಗಳೂರು ಬಿಟ್ಟರೆ ನೆಲದ ಸ್ವಭಾವನೇ ಬೇರೆ. ಗದಗದ ಕಡೆಯ ನಮ್ಮ ರೂಮ್‌ಮೇಟ್ ಹೇಳೋದು: "ನಮ್ಮನಿ ಗ್ವಾಡಿ ಬ್ಯಾಸಿಗ್ಯಾಗ ಬಾಯಿ ತೆರೀತೈತಿ, ಮಳಿಗಾಲದಾಗ ಮುಚ್ಚತೈತಿ." ಎರೆಮಣ್ಣಿನಲ್ಲಿ ಮಾಂಟ್ಮೊರಿಲೊನೈಟ್ ಅನ್ನೋ ಜೇಡಿ ಖನಿಜ ಇದೆ. ಅದರ ಹಾಳೆಗಳ ನಡುವೆ ನೀರು ನುಗ್ಗಿ ಉಬ್ಬತ್ತೆ, ಒಣಗಿದಾಗ ಕುಗ್ಗತ್ತೆ. ಪರೀಕ್ಷೆ ಅಡುಗೆ ಮನೆಯಲ್ಲಿ ಮಾಡೋಷ್ಟು ಸುಲಭ. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನ ಒಂದು ಜಾಡಿಯಲ್ಲಿ ಡಿಸ್ಟಿಲ್ಡ್ ವಾಟರ್‌ಗೆ, ಇನ್ನೊಂದು ಜಾಡಿಯಲ್ಲಿ ಸೀಮೆಎಣ್ಣೆಗೆ ಹಾಕಿ ಒಂದು ದಿನ ಬಿಡೋದು. ಸೀಮೆಎಣ್ಣೆ ಆ ಹಾಳೆಗಳ ನಡುವೆ ಹೋಗಲ್ಲ, ಅಲ್ಲಿ ಮಣ್ಣು ಉಬ್ಬಲ್ಲ. ಸೀಮೆಎಣ್ಣೆಯಲ್ಲಿ 10 ಮಿಲಿ, ನೀರಿನಲ್ಲಿ 18 ಮಿಲಿ ಬಂದ್ರೆ ಉಬ್ಬು ಶೇ. 80. ಐವತ್ತು ದಾಟಿದ್ರೆ ಹುಷಾರು, ನೂರು ದಾಟಿದ್ರೆ ಮಾಮೂಲಿ ಪಾಯ ಮರೆತುಬಿಡಿ. ಈ ಮಣ್ಣು ಒಂದು ಅಂತಸ್ತಿನ ಹಗುರ ಮನೆಗೇ ಹೆಚ್ಚು ಕಾಟ ಕೊಡತ್ತೆ, ಯಾಕಂದ್ರೆ ಉಬ್ಬೋ ಬಲವನ್ನ ಒತ್ತಿ ಹಿಡಿಯೋ ಭಾರ ಅದಕ್ಕಿಲ್ಲ. ದೊಡ್ಡ ಮನೆ ಗಟ್ಟಿ, ಸಣ್ಣ ಮನೆ ಸೀಳು. ಪರಿಹಾರ ಇದೆ: ಒದ್ದೆ-ಒಣಗು ಆಟ ತಲುಪದ ಆಳಕ್ಕೆ, ಸುಮಾರು ಮೂರೂವರೆ ಮೀಟರ್, ಇಳಿಸೋ ಬುಡ ದಪ್ಪದ ಅಂಡರ್‌ರೀಮ್ಡ್ ಪೈಲ್. ಅಥವಾ ಐಐಟಿ ಬಾಂಬೆಯ ಪ್ರೊಫೆಸರ್ ಕಟ್ಟಿ ಅವರು ರೂಪಿಸಿದ ಹಾಗೆ ಉಬ್ಬದ ಜಿಗುಟು ಮಣ್ಣಿನ ಒಂದು ಪದರವನ್ನ ಮಧ್ಯೆ ಹಾಸೋದು.

ಮಂಗಳೂರು ಕಡೆಯ ಗೆಳತಿ ಕೇಳಿ, "ನಮ್ಮಲ್ಲಿ ಮೇಲೆ ಮುರಕಲ್ಲು ಗಟ್ಟಿ ಉಂಟು, ಅಡಿಯಲ್ಲಿ ಶೇಡಿ ಉಂಟು ಮಾರಾಯ" ಅಂದಳು. ಒಣಗಿದ್ದಾಗ ಆ ಶೇಡಿ ಮಣ್ಣು ಲಂಬವಾಗಿ ಕಡಿದ್ರೂ ನಿಲ್ಲತ್ತೆ, ನೀರು ಕುಡಿದ್ರೆ ಬಲ ಕಳ್ಕೊಂಡು ಹರಿಯತ್ತೆ. ಗುಡ್ಡ ಕಡಿದು ಸೈಟು ಮಾಡೋರು ಮೇಲಿನ ಮುರಕಲ್ಲಿನ ಟೊಪ್ಪಿ ತೆಗೆದು ಶೇಡಿಯನ್ನ ಮಳೆಗೆ ಒಡ್ಡುತ್ತಾರೆ. ಕಡಿದ ಮಣ್ಣನ್ನ ಇಳಿಜಾರಿನ ಕೆಳಗೆ ತಳ್ಳಿ ಇನ್ನೊಂದು ಸೈಟು. ಹೀಗೆ ಅರ್ಧ ಮನೆ ಕಡಿದ ನೆಲದ ಮೇಲೆ, ಅರ್ಧ ತಳ್ಳಿದ ಮಣ್ಣಿನ ಮೇಲೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದಾಗ ಮಳೆ ಅಸಾಮಾನ್ಯವಾಗಿತ್ತು, ನಿಜ. ಜೊತೆಗೆ ರಸ್ತೆಗೆ, ಮನೆಗೆ ಅಂತ ಇಳಿಜಾರಿನ ಬುಡ ಕಡಿದಿದ್ದೂ ಚರ್ಚೆಗೆ ಬಂತು. ಇಳಿಜಾರು ಲೇಔಟ್‌ನಲ್ಲಿ ಕೇಳಬೇಕಾದ್ದು ನಿಮ್ಮ ಸೈಟಿನ ಮಣ್ಣಿನ ಬಗ್ಗೆ ಮಾತ್ರ ಅಲ್ಲ. ನಿಮ್ಮ ಮೇಲಿನ ಸೈಟಿನವರ ನೀರು ಎಲ್ಲಿಗೆ ಹೋಗತ್ತೆ, ಅದನ್ನೂ ಕೇಳಿ.

ಕೊನೇದು ನೀರು. ನೈಸ್‌ನಲ್ಲಿ ಗಟ್ಟಿ ಬಂಡೆಯೊಳಗೆ ನೀರು ಇರೋದು ಬಿರುಕುಗಳಲ್ಲಿ ಮಾತ್ರ. ಲೇಔಟ್‌ನ ಮೊದಲ ಬೋರ್‌ವೆಲ್‌ನಲ್ಲಿ ಎರಡು ಇಂಚು ನೀರು ಬಂತು ಅಂತ ತೋರಿಸ್ತಾರೆ. ಇನ್ನೂರು ಮನೆಯವರು ಇನ್ನೂರು ಬೋರ್ ಹಾಕಿದಾಗ ಎಲ್ಲರೂ ಹೀರೋದು ಅದೇ ಒಂದೆರಡು ಬಿರುಕನ್ನ. ಒಳಚರಂಡಿ ಬಂದಿಲ್ಲ ಅಂದ್ರೆ ಅದೇ ಸೈಟುಗಳಲ್ಲಿ ಇಂಗುಗುಂಡಿನೂ ಇರತ್ತೆ. ಬಂಡೆ ಮೇಲೇ ಇದ್ರೆ ಗುಂಡಿ ನೀರು ಇಂಗದೆ ಉಕ್ಕತ್ತೆ, ಬಿರುಕು ಸಿಕ್ಕರೆ ಸೋಸದೆ ನೇರ ಬೋರ್‌ವೆಲ್ ಸೇರತ್ತೆ. 30×40ರಲ್ಲಿ ಇವೆರಡನ್ನ ಎಷ್ಟು ದೂರ ಇಡೋಕಾಗತ್ತೆ ಅಂತ ನೀವೇ ಅಳೆದು ನೋಡಿ. ಇಂಗುವ ಪರೀಕ್ಷೆ ಸುಲಭ: ಸಣ್ಣ ಗುಂಡಿಗೆ ಹಿಂದಿನ ದಿನ ನೀರು ತುಂಬಿ ನೆನೆಸಿ, ಮಾರನೇ ದಿನ ಮತ್ತೆ ನೀರು ಹಾಕಿ 25 ಮಿಲಿಮೀಟರ್ ಇಳಿಯೋಕೆ ಎಷ್ಟು ನಿಮಿಷ ಅಂತ ಗಡಿಯಾರ ನೋಡೋದು. ಒಂದು ಗಂಟೆ ದಾಟಿದ್ರೆ ಆ ನೆಲ ನಿಮ್ಮ ಮನೆಯ ನೀರನ್ನ ಇಂಗಿಸಲ್ಲ.

ರಿಪೋರ್ಟ್ ಇದೆ ಅಂತ ಯಾರಾದ್ರೂ ಕೊಟ್ರೆ ಕೊನೆಯ ಪುಟದ ಸುರಕ್ಷಿತ ಧಾರಣ ಶಕ್ತಿಯ ಒಂದೇ ಸಂಖ್ಯೆ ನೋಡಿ ಮಡಚಬೇಡಿ. ಬೋರ್ ಎಲ್ಲೆಲ್ಲಿ ಹಾಕಿದ್ರು ಅನ್ನೋ ನಕ್ಷೆ ತೆಗೆದು ಲೇಔಟ್ ನಕ್ಷೆಯ ಮೇಲೆ ಇಟ್ಟು ನೋಡಿ, ನಿಮ್ಮ ಸೈಟಿನ ಹತ್ತಿರ ಒಂದಾದ್ರೂ ಇದೆಯಾ. ಯಾವ ತಿಂಗಳಲ್ಲಿ ಕೊರೆದ್ರು ನೋಡಿ, ಏಪ್ರಿಲ್‌ನಲ್ಲಿ "ಅಂತರ್ಜಲ ಸಿಗಲಿಲ್ಲ" ಅಂದ್ರೆ ಅಕ್ಟೋಬರ್ ಬಗ್ಗೆ ಏನೂ ಹೇಳಿದ ಹಾಗಾಗಲ್ಲ. ಮೊದಲ ಒಂದೆರಡು ಮೀಟರ್‌ನ ವಿವರಣೆಯಲ್ಲಿ "ಫಿಲ್ಡ್ ಅಪ್ ಸಾಯಿಲ್" ಅಂತ ಸಣ್ಣ ಅಕ್ಷರದಲ್ಲಿ ಇರಬಹುದು, ಅಲ್ಲಿ ಬೆರಳಿಟ್ಟು ಎಲ್ಲಿಂದ ತಂದ ಮಣ್ಣು, ಯಾವಾಗ ತುಂಬಿದ್ದು, ರೋಲರ್ ಓಡಿಸಿದ್ರಾ ಅಂತ ಕೇಳಿ. ಊರಲ್ಲಿ ಯಾರಾದ್ರೂ ಸೈಟು ನೋಡ್ತಿದ್ರೆ ಸರ್ವೆ ನಂಬರ್ ತಂದು ಕೊಡಿ. ಹಳೇ ಉಪಗ್ರಹ ಚಿತ್ರ, ಗ್ರಾಮ ನಕ್ಷೆ ಜೋಡಿಸಿ ನೋಡೋಕೆ ನಮಗೆ ಒಂದು ಸಂಜೆ ಸಾಕು. ಕಾಫಿ ಖರ್ಚು ನಿಮ್ಮದು.